ಪುಸ್ತಕದಲ್ಲಿರುವ ರಜೆ, ಕೈಗೆ ಸಿಗುವ ರಜೆ

ಯಾವ ದೇಶದಲ್ಲಿ ಸಂಬಳಸಹಿತ ರಜೆ ಎಷ್ಟು ಎಂದು ಹೋಲಿಸುವ ಪಟ್ಟಿಗಳು ಬೇಕಾದಷ್ಟಿವೆ. ಬ್ರೆಜಿಲ್ 30, ಫ್ರಾನ್ಸ್ 30, ಬ್ರಿಟನ್ 28, ಜರ್ಮನಿ 24, ಜಪಾನ್ 10, ಅಮೆರಿಕ ಸೊನ್ನೆ ಎಂದು ಸಾಲಾಗಿ ಬರೆದಿರುತ್ತಾರೆ. ಈ ಪಟ್ಟಿಯನ್ನು ನಂಬಿಕೊಂಡು ಒಂದು ದೇಶದ ಕೆಲಸ ಒಪ್ಪಿಕೊಂಡರೆ ಲೆಕ್ಕ ತಪ್ಪುವುದು ಖಂಡಿತ. ಏಕೆಂದರೆ ಆ ಸಾಲಿನ ಒಂದೊಂದು ಅಂಕಿಯೂ ಎಣಿಸಿರುವುದು ಒಂದೊಂದು ಬಗೆಯ ದಿನವನ್ನು.

ಬ್ರೆಜಿಲ್‌ನ 30 ಎಂದರೆ ಕ್ಯಾಲೆಂಡರಿನ ದಿನಗಳು. ಶನಿವಾರ, ಭಾನುವಾರಗಳೂ ಅದರಲ್ಲೇ ಸೇರಿಹೋಗುತ್ತವೆ. ಸ್ಪೇನಿನ 30 ಕೂಡ ಹಾಗೆಯೇ. ಅಂದರೆ ನಾಲ್ಕು ವಾರ, ಮೇಲೆ ಎರಡು ದಿನ. ಫ್ರಾನ್ಸಿನ 30 ಮಾತ್ರ ಭಾನುವಾರ ಬಿಟ್ಟು ವಾರಕ್ಕೆ ಆರರಂತೆ ಎಣಿಸಿದ್ದು, ಹಾಗಾಗಿ ಅದು ಭರ್ತಿ ಐದು ವಾರ. ಜರ್ಮನಿಯ 24 ಸಹ ವಾರಕ್ಕೆ ಆರು ದಿನದ ಲೆಕ್ಕ, ಅಂದರೆ ನಾಲ್ಕು ವಾರ. ಅಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಅದು 20 ದಿನ, ಮೂರು ದಿನ ಮಾಡುವವರಿಗೆ 12 ದಿನ. ದಿನ ಬದಲಾದರೂ ವಾರ ನಾಲ್ಕೇ. ಸ್ವೀಡನ್ನಿನ ಕಾನೂನಿನಲ್ಲೂ 25, ನಾರ್ವೆಯ ಕಾನೂನಿನಲ್ಲೂ 25. ಆದರೆ ಸ್ವೀಡನ್ ವಾರಕ್ಕೆ ಐದರಂತೆ ಎಣಿಸುವುದರಿಂದ ಅಲ್ಲಿ ಐದು ವಾರ, ನಾರ್ವೆ ಶನಿವಾರವನ್ನೂ ಹಿಡಿಯುವುದರಿಂದ ಅಲ್ಲಿ ನಾಲ್ಕು ವಾರ ಮತ್ತು ಒಂದು ದಿನ. ಬ್ರಿಟನ್ನಿನ 28 ನೋಡಲು ದೊಡ್ಡದು, ಆದರೆ ಸಾರ್ವಜನಿಕ ರಜೆಗಳನ್ನೂ ಅದರೊಳಗೇ ಹಿಡಿಯಲು ಮಾಲೀಕರಿಗೆ ಅವಕಾಶವಿದೆ. ಇಂಗ್ಲೆಂಡಿನಲ್ಲಿ ಅಂಥ ರಜೆ ಸಾಮಾನ್ಯವಾಗಿ ವರ್ಷಕ್ಕೆ 8. ಅದನ್ನು ಕಳೆದರೆ ಉಳಿಯುವುದು 20, ಅಂದರೆ ಅದೇ ನಾಲ್ಕು ವಾರ.

ಹಾಗಾಗಿ ಮೊದಲು ಮಾಡಬೇಕಾದ್ದು ಎಲ್ಲವನ್ನೂ ವಾರಕ್ಕೆ ಇಳಿಸಿ ನೋಡುವುದು. ಜೊತೆಗೆ ಕೇಳಬೇಕಾದ ಪ್ರಶ್ನೆ, ರಜೆಯ ನಡುವೆ ಬರುವ ಹಬ್ಬ, ವಾರದ ರಜೆಗಳನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ ಎಂಬುದು. ಭಾರತದ ಅನೇಕ ಕಚೇರಿಗಳಲ್ಲಿ ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಎರಡು ದಿನಗಳನ್ನೂ ಸೇರಿಸಿ ನಾಲ್ಕು ದಿನ ಕಡಿದುಬಿಡುವ 'ಸ್ಯಾಂಡ್‌ವಿಚ್' ನಿಯಮ ಇದೆ. 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಮು ಹೇಳುತ್ತಿದ್ದದ್ದು ಇದಕ್ಕೆ ವಿರುದ್ಧ. ರಜೆಯ ನಡುವೆ ಬಂದರೂ, ಆಚೀಚೆಯ ತುದಿಗೆ ಬಂದರೂ ಬಿಡುವಿನ ದಿನಗಳನ್ನು ಗಳಿಕೆ ರಜೆಯಲ್ಲಿ ಎಣಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಬರೆದಿಟ್ಟಿತ್ತು.

ಫ್ರಾನ್ಸಿನಲ್ಲೂ ಈ ಹಕ್ಕು ಬಂದು ಇನ್ನೂ ನೂರು ವರ್ಷ ತುಂಬಿಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲೇ ಕೂತು ಮುಷ್ಕರ ಮಾಡಿದಾಗ, ಆ ಜೂನ್ ತಿಂಗಳಲ್ಲೇ ಎಡಪಕ್ಷಗಳ ಕೂಟವಾದ ಪಾಪ್ಯುಲರ್ ಫ್ರಂಟ್ ಸರ್ಕಾರ ಎರಡು ವಾರಗಳ ಸಂಬಳಸಹಿತ ರಜೆಯ ಕಾನೂನು ತಂದಿತು. 1956ರಲ್ಲಿ ಅದು ಮೂರು ವಾರವಾಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು. 1936ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 52ನೇ ಒಡಂಬಡಿಕೆ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನಗಳ ರಜೆ ಇರಬೇಕೆಂದಿತು. 1970ರ 132ನೇ ಒಡಂಬಡಿಕೆ ಅದನ್ನು ಮೂರು ವಾರಕ್ಕೆ ಏರಿಸಿತು. ಈ ಎರಡನೆಯದಕ್ಕೆ ಭಾರತ, ಅಮೆರಿಕ, ಬ್ರಿಟನ್, ಜಪಾನ್ ಯಾವುದೂ ಒಪ್ಪಿಗೆ ಕೊಟ್ಟಿಲ್ಲ. ಆದರೂ ಅದನ್ನು ಬರೆದವರಿಗೆ ಕೆಲಸದ ಜಾಗದ ರೀತಿನೀತಿ ಚೆನ್ನಾಗಿ ಗೊತ್ತಿತ್ತು. ರಜೆಯನ್ನು ತುಂಡು ಮಾಡಿದರೂ ಒಂದು ತುಂಡು ಕನಿಷ್ಠ ಎರಡು ವಾರ ಸತತವಾಗಿರಬೇಕು, ಹಣ ಕೊಟ್ಟು ರಜೆಯನ್ನು ಬಿಡಿಸಿಕೊಳ್ಳುವ ಒಪ್ಪಂದ ಅಸಿಂಧು, ಸಾರ್ವಜನಿಕ ರಜೆ ಇದರಲ್ಲಿ ಸೇರದು. ದಿನಗಳ ಸಂಖ್ಯೆಗಿಂತ ಈ ಮೂರು ಷರತ್ತುಗಳೇ ಮುಖ್ಯ ಎಂದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಜಪಾನಿಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗುವುದಿಲ್ಲ.

ಅಲ್ಲಿನ 1947ರ ಕಾರ್ಮಿಕ ಮಾನದಂಡ ಕಾಯ್ದೆಯ 39ನೇ ಕಲಮನ್ನು ಓದಿದರೆ ನೌಕರನ ಪರ ಅಷ್ಟು ಗಟ್ಟಿಯಾಗಿ ನಿಂತ ಕಾನೂನು ಕಡಿಮೆ ಎನಿಸುತ್ತದೆ. ಆರು ತಿಂಗಳು ಕೆಲಸ ಮಾಡಿ, 80 ಪ್ರತಿಶತ ಹಾಜರಿ ಇದ್ದರೆ 10 ದಿನ. ಆಮೇಲೆ ಏರುತ್ತಾ ಹೋಗಿ ಆರೂವರೆ ವರ್ಷಕ್ಕೆ 20 ದಿನ. ಯಾವ ದಿನ ಬೇಕೆಂದು ಹೇಳುವವನು ನೌಕರನೇ. ಕಾರಣ ಕೊಡಬೇಕಿಲ್ಲ, ಒಪ್ಪಿಗೆ ಬೇಕಿಲ್ಲ. ಕೆಲಸ ನಿಜಕ್ಕೂ ಕೆಡುತ್ತದೆ ಎಂದಾದರೆ ದಿನಾಂಕವನ್ನು ಮುಂದೂಡಬಹುದೇ ಹೊರತು ರಜೆ ಇಲ್ಲವೆನ್ನಲು ಮಾಲೀಕನಿಗೆ ಅಧಿಕಾರವಿಲ್ಲ. ಇಷ್ಟಿದ್ದೂ ಬಹುಕಾಲ ಅಲ್ಲಿನ ನೌಕರರು ತಮಗೆ ಬಂದ ರಜೆಯಲ್ಲಿ ಸುಮಾರು ಅರ್ಧವನ್ನಷ್ಟೇ ಬಳಸುತ್ತಿದ್ದರು. ಉಳಿದದ್ದು ಎರಡು ವರ್ಷಕ್ಕೆ ಕಾಲಬಾಧಿತವಾಗಿ ಸುಮ್ಮನೆ ಹೋಗುತ್ತಿತ್ತು.

ಜಪಾನೀಯರು ಶ್ರಮಜೀವಿಗಳು, ಅವರ ಸಂಸ್ಕೃತಿಯೇ ಹಾಗೆ ಎಂದು ಇದನ್ನು ವಿವರಿಸಿ ಮುಗಿಸುವವರಿದ್ದಾರೆ. ಅಲ್ಲಿಗೆ ನಿಲ್ಲಬಾರದು. ಖಾಸಗಿ ನೌಕರನಿಗೆ ಮಾಲೀಕ ಪ್ರತ್ಯೇಕವಾಗಿ ಸಂಬಳಸಹಿತ ಅನಾರೋಗ್ಯ ರಜೆ ಕೊಡಬೇಕೆಂದು ಅಲ್ಲಿ ಕಾನೂನಿಲ್ಲ. ಆರೋಗ್ಯ ವಿಮೆಯ ಭತ್ಯೆ ಸಿಗುವುದು ಸತತ ಮೂರು ದಿನ ಕಳೆದು ನಾಲ್ಕನೆಯ ದಿನದಿಂದ, ಅದೂ ಸಂಬಳದ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಿರುವಾಗ ಜ್ವರ ಬಂದ ದಿನಕ್ಕೆಂದು ರಜೆ ಕೂಡಿಡದೆ ವಿಧಿಯಿಲ್ಲ. ಎರಡನೆಯದು, ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡಿಕೊಳ್ಳುವಷ್ಟು ಜನವನ್ನೇ ವಿಭಾಗದಲ್ಲಿ ಇಟ್ಟಿರುವುದಿಲ್ಲ. ಒಬ್ಬ ರಜೆ ಹಾಕಿದರೆ ಆ ಭಾರ ಪಕ್ಕದ ಮೇಜಿನವನ ಮೇಲೆ ಬೀಳುತ್ತದೆ, ಅದು ಇಬ್ಬರಿಗೂ ಗೊತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬಾಯಿಬಿಟ್ಟು ಕೇಳುವ ಕೆಲಸ ನೌಕರನದ್ದಾಗಿತ್ತು. ಕೇಳದಿದ್ದರೆ ಮಾಲೀಕ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಏಪ್ರಿಲ್ 2019ರಲ್ಲಿ ಬದಲಾದದ್ದು ಇದೇ ಮೂರನೆಯದು. 10 ದಿನ ಅಥವಾ ಹೆಚ್ಚು ರಜೆ ಬರುವ ಪ್ರತಿಯೊಬ್ಬ ನೌಕರನೂ ವರ್ಷಕ್ಕೆ ಕನಿಷ್ಠ 5 ದಿನ ರಜೆ ತೆಗೆದುಕೊಳ್ಳುವಂತೆ ಮಾಡುವ ಹೊಣೆ ಮಾಲೀಕನ ಮೇಲೆ ಬಿತ್ತು. ನೌಕರ ತಾನೇ ತೆಗೆದುಕೊಂಡ ದಿನಗಳನ್ನು ಕಳೆದು, ಉಳಿದ ದಿನಗಳಿಗೆ ಅವನ ಇಷ್ಟ ಕೇಳಿ ಮಾಲೀಕನೇ ದಿನಾಂಕ ಗೊತ್ತು ಮಾಡಬೇಕು. ಯಾರು ಯಾವಾಗ ರಜೆಯಲ್ಲಿದ್ದರು ಎಂಬ ದಾಖಲೆ ಪುಸ್ತಕ ಇಡಬೇಕು. ತಪ್ಪಿದರೆ ಒಬ್ಬೊಬ್ಬ ನೌಕರನ ಲೆಕ್ಕಕ್ಕೂ 3 ಲಕ್ಷ ಯೆನ್‌ವರೆಗೆ ದಂಡ. ಜನರ ಸ್ವಭಾವ ಒಂದೆರಡು ವರ್ಷದಲ್ಲಿ ಬದಲಾಗುವುದಿಲ್ಲ, ಆದರೆ ರಜೆಯ ಬಳಕೆ ಏರುತ್ತಾ ಹೋಗಿ 60 ಪ್ರತಿಶತ ದಾಟಿತು. ಕೆಲವು ಕಂಪನಿಗಳು ಒಂದು ಉಪಾಯ ಹೂಡಿದವು. ಮೊದಲಿನಿಂದ ಕಂಪನಿಯೇ ಕೊಡುತ್ತಿದ್ದ ಬೇಸಿಗೆಯ ಬಿಡುವು, ವರ್ಷಾಂತ್ಯದ ಬಿಡುವುಗಳನ್ನು ಕಾಗದದ ಮೇಲೆ ಕೆಲಸದ ದಿನ ಎಂದು ಬದಲಿಸಿ, ಅದೇ ದಿನಗಳನ್ನು ವಾರ್ಷಿಕ ರಜೆಯೆಂದು ತೋರಿಸಿದವು. ಅಲ್ಲಿನ ಕಾರ್ಮಿಕ ಸಚಿವಾಲಯ ಇದು ಸರಿಯಲ್ಲವೆಂದು ಎಚ್ಚರಿಸಬೇಕಾಯಿತು. ಹೊಸ ಕೆಲಸದ ಕರಾರು ಓದುವವರು ಕಂಪನಿ ಮುಚ್ಚುವ ದಿನಗಳು ತಮ್ಮ ಖಾತೆಯಿಂದ ಹೋಗುತ್ತವೆಯೇ ಎಂದು ಕೇಳಲೇಬೇಕು. ಈ ಉಪಾಯ ಜಪಾನಿನಲ್ಲಷ್ಟೇ ನಡೆಯುವಂಥದ್ದಲ್ಲ.

ಯುರೋಪಿನ ಒಕ್ಕೂಟ ಇದೇ ಜಾಗಕ್ಕೆ, ಅಂದರೆ ಹೊಣೆ ಮಾಲೀಕನದೆಂಬಲ್ಲಿಗೆ, ನ್ಯಾಯಾಲಯದ ದಾರಿಯಿಂದ ಬಂದು ತಲುಪಿತು. 1993ರಲ್ಲಿ ಮೊದಲು ಬಂದು, 2003ರಲ್ಲಿ ಹೊಸದಾಗಿ ಬರೆದ ಕೆಲಸದ ಅವಧಿಯ ನಿರ್ದೇಶನದ 7ನೇ ವಿಧಿ ಚಿಕ್ಕದು: ಕನಿಷ್ಠ ನಾಲ್ಕು ವಾರ ರಜೆ, ಮತ್ತು ಕೆಲಸ ಬಿಡುವಾಗ ಹೊರತು ಆ ರಜೆಗೆ ಬದಲಾಗಿ ಹಣ ಕೊಡುವಂತಿಲ್ಲ. ಈ ಎರಡು ಸಾಲುಗಳಿಂದ ಯುರೋಪಿನ ನ್ಯಾಯಾಲಯ ಎಷ್ಟೋ ತೀರ್ಪುಗಳನ್ನು ಹೊರತೆಗೆದಿದೆ. 2018ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆ ಪಕ್ಷಗಾರನಾಗಿದ್ದ ಪ್ರಕರಣದಲ್ಲಿ ಅದು ಹೇಳಿದ್ದು, ನೌಕರ ಅರ್ಜಿ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ ರಜೆ ತಾನಾಗಿ ಸಾಯುವುದಿಲ್ಲ. ನಿನಗೆ ಇಷ್ಟು ದಿನ ಉಳಿದಿದೆ, ತೆಗೆದುಕೊಳ್ಳದಿದ್ದರೆ ಇಂಥ ದಿನಕ್ಕೆ ಹೋಗುತ್ತದೆ ಎಂದು ಮಾಲೀಕ ಸಮಯಕ್ಕೆ ಸರಿಯಾಗಿ, ಸ್ಪಷ್ಟವಾಗಿ ತಿಳಿಸಿದ್ದನ್ನು ಸಾಬೀತು ಮಾಡಬೇಕು. ಜರ್ಮನಿಯಲ್ಲಿ ವರ್ಷದ ರಜೆ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ತಕ್ಕ ಕಾರಣವಿದ್ದರೆ ಮಾರ್ಚ್ 31ರವರೆಗೆ ಮುಂದುವರಿಯುತ್ತದೆ ಎಂದು ಕಾನೂನಿನಲ್ಲಿದೆ. ಈ ತೀರ್ಪಿನ ನಂತರ, ಮಾಲೀಕ ಆ ತಿಳಿವಳಿಕೆ ಪತ್ರ ಕೊಡದಿದ್ದರೆ ಆ ಗಡುವುಗಳಿಗೆ ಬಲವಿಲ್ಲ.

ದಕ್ಷಿಣ ಕೊರಿಯಾದ ಪದ್ಧತಿ ಇವೆರಡರ ನಡುವಿನದು. ಮೊದಲ ವರ್ಷ ತಿಂಗಳಿಗೆ ಒಂದು ದಿನ, ವರ್ಷ ತುಂಬಿದ ಮೇಲೆ 15, ಮುಂದೆ ಪ್ರತಿ ಎರಡು ವರ್ಷಕ್ಕೊಂದು ದಿನ ಸೇರಿ ಗರಿಷ್ಠ 25. ಬಳಸದೆ ಉಳಿದದ್ದಕ್ಕೆ ಮಾಲೀಕ ಹಣ ಕೊಡಬೇಕು. ಆ ಹೊರೆ ತಪ್ಪಬೇಕಾದರೆ ಅವನು ಕ್ರಮಬದ್ಧವಾಗಿ ನಡೆಯಬೇಕು. ರಜೆ ಮುಗಿಯಲು ಆರು ತಿಂಗಳಿರುವಾಗ ಉಳಿದ ದಿನ ಎಷ್ಟೆಂದು ಬರಹದಲ್ಲಿ ತಿಳಿಸಿ, ದಿನಾಂಕ ಹೇಳೆಂದು ಕೇಳಬೇಕು. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಜೆ ಮುಗಿಯಲು ಎರಡು ತಿಂಗಳು ಉಳಿಯುವುದರೊಳಗೆ ತಾನೇ ದಿನಾಂಕ ಗೊತ್ತು ಮಾಡಿ ಬರೆದು ಕೊಡಬೇಕು. ಇಷ್ಟಾದರೂ ನೌಕರ ರಜೆಯ ದಿನ ಬಂದು ಕುರ್ಚಿಯಲ್ಲಿ ಕೂತರೆ, ಕೆಲಸ ಬೇಡ, ಮನೆಗೆ ಹೋಗು ಎಂದು ಮಾಲೀಕ ಸ್ಪಷ್ಟವಾಗಿ ಹೇಳಿರಬೇಕು. ಸುಮ್ಮನಿದ್ದು ಕೆಲಸ ಮಾಡಿಸಿಕೊಂಡರೆ ಹಣ ಕೊಡುವ ಬಾಧ್ಯತೆ ಹಾಗೇ ಉಳಿಯುತ್ತದೆ.

ಹಣದ ವಿಷಯ ಬಂದಾಗ ಮಾತು ಕಷ್ಟದ್ದಾಗುತ್ತದೆ. ರಜೆಯನ್ನು ಮಾರಲು ಬಿಡಬಾರದು ಎಂದು ಹೊಟ್ಟೆ ತುಂಬಿದವರು ಹೇಳುವುದು ಸುಲಭ. ತಿಂಗಳ ಕೊನೆಗೆ ಕೈ ಬರಿದಾಗುವವನಿಗೆ ಹತ್ತು ದಿನದ ರಜೆಗಿಂತ ಹತ್ತು ದಿನದ ಸಂಬಳ ದೊಡ್ಡದು. ಬ್ರೆಜಿಲ್ ಇದನ್ನು ಅರ್ಥಮಾಡಿಕೊಂಡು ಕಟ್ಟಿದ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಅಲ್ಲಿ 30 ದಿನಗಳಲ್ಲಿ ಮೂರನೇ ಒಂದು ಭಾಗವನ್ನು, ಅಂದರೆ 10 ದಿನಗಳನ್ನು, ನೌಕರ ತನ್ನ ಇಚ್ಛೆಯಿಂದ ಮಾರಬಹುದು. ಉಳಿದ 20ನ್ನು ಮಾರುವಂತಿಲ್ಲ. ಅದಕ್ಕೂ ಮುಖ್ಯವಾಗಿ, 1988ರ ಸಂವಿಧಾನದ ಪ್ರಕಾರ ರಜೆಗೆ ಹೋಗುವಾಗ ಸಂಬಳದ ಮೇಲೆ ಇನ್ನೂ ಮೂರನೇ ಒಂದು ಪಾಲು ಹೆಚ್ಚಿಗೆ ಕೊಡಬೇಕು. ರಜೆಗೆ ಖರ್ಚಿದೆ ಎಂಬುದನ್ನು ಸಂವಿಧಾನವೇ ಒಪ್ಪಿಕೊಂಡಿದೆ! ಆ ಹಣ ರಜೆ ಶುರುವಾಗುವ ಎರಡು ದಿನ ಮೊದಲೇ ಕೈಸೇರಬೇಕು. 2017ರ ತಿದ್ದುಪಡಿಯ ನಂತರ ರಜೆಯನ್ನು ಮೂರು ಕಂತು ಮಾಡಬಹುದು, ಆದರೆ ಒಂದು ಕಂತು 14 ದಿನಕ್ಕೆ ಕಡಿಮೆ ಇರಬಾರದು, ಉಳಿದವು ಐದೈದಕ್ಕೆ ಕಡಿಮೆ ಇರಬಾರದು. ಕ್ಯಾಲೆಂಡರ್ ದಿನ ಎಣಿಸುವ ದೇಶದಲ್ಲಿ ಶುಕ್ರವಾರ ರಜೆ ಶುರು ಮಾಡಿಸಿ ಶನಿವಾರ, ಭಾನುವಾರಗಳನ್ನು ನುಂಗುವ ಆಸೆ ಮಾಲೀಕರಿಗೆ ಬರುವುದು ಸಹಜ. ಅದಕ್ಕೇ ಹಬ್ಬದ ಅಥವಾ ವಾರದ ಬಿಡುವಿನ ಹಿಂದಿನ ಎರಡು ದಿನಗಳಲ್ಲಿ ರಜೆ ಆರಂಭಿಸುವಂತಿಲ್ಲ ಎಂದೂ ಬರೆದಿದ್ದಾರೆ. ಒಂದು ವರ್ಷ ದುಡಿದು ಗಳಿಸಿದ ರಜೆಯನ್ನು ಮುಂದಿನ ವರ್ಷದೊಳಗೆ ಕೊಡದಿದ್ದರೆ ಮಾಲೀಕ ದುಪ್ಪಟ್ಟು ತೆರಬೇಕು. ಕಠಿಣವಾದ ಒಂದು ಮುಖವೂ ಇದೆ: ಕಾರಣವಿಲ್ಲದ ಗೈರುಹಾಜರಿ ವರ್ಷಕ್ಕೆ ಐದನ್ನು ದಾಟಿದರೆ 30 ಇಳಿದು 24 ಆಗುತ್ತದೆ, 14 ದಾಟಿದರೆ 18, 23 ದಾಟಿದರೆ 12.

ಚೀನಾದಲ್ಲೂ ಉಳಿದ ರಜೆಗೆ ಬೆಲೆ ಹೆಚ್ಚು. ದಿನದ ಸಂಬಳದ 300 ಪ್ರತಿಶತ, ಅದರಲ್ಲಿ ಮಾಮೂಲಿ ಸಂಬಳವೂ ಸೇರಿದೆ, ಹಾಗಾಗಿ ಹೆಚ್ಚಿಗೆ ಸಿಗುವುದು 200. ಆದರೆ ಸ್ವಂತ ಕಾರಣಕ್ಕೆ ರಜೆ ಬೇಡವೆಂದು ನೌಕರ ಬರೆದುಕೊಟ್ಟರೆ ಮಾಮೂಲಿ ಸಂಬಳ ಮಾತ್ರ. ಇಂಥ ಒಂದು ಹಾಳೆಗೆ ಸಹಿ ಹಾಕುವ ಮೊದಲು ಅದರ ಬೆಲೆ ಎಷ್ಟೆಂದು ತಿಳಿದಿರಬೇಕು. ಅಲ್ಲಿ ಒಟ್ಟು ಕೆಲಸದ ಅನುಭವ ಒಂದು ವರ್ಷ ತುಂಬಿ 10 ವರ್ಷದೊಳಗಿದ್ದರೆ ಸಿಗುವುದು 5 ದಿನ, 20 ವರ್ಷದೊಳಗಿದ್ದರೆ 10, ಆಮೇಲೆ 15. ಹಿಂದಿನ ಕಂಪನಿಗಳ ವರ್ಷಗಳೂ ಎಣಿಕೆಗೆ ಬರುವುದರಿಂದ ಹಳೆಯ ಕೆಲಸದ ಪ್ರಮಾಣಪತ್ರಗಳನ್ನು ಜೋಪಾನ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ನಾಲ್ಕು ವಾರ. ಖಾತೆಯಲ್ಲಿ ನಾಲ್ಕು ವಾರ ಉಳಿಯುವಷ್ಟು ಬಿಟ್ಟು ಅದರ ಮೇಲಿನದನ್ನು ಮಾತ್ರ, ಪ್ರತಿ ಸಲವೂ ಹೊಸದಾಗಿ ಬರೆದ ಒಪ್ಪಂದದ ಮೇಲೆ ಹಣ ಮಾಡಿಕೊಳ್ಳಬಹುದು. ಸೌದಿ ಅರೇಬಿಯಾದಲ್ಲಿ 21 ದಿನ, ಒಬ್ಬನೇ ಮಾಲೀಕನ ಬಳಿ ಐದು ವರ್ಷ ಕಳೆದರೆ 30, ಮತ್ತು ಸೇವೆಯಲ್ಲಿರುವಾಗ ರಜೆಗೆ ಬದಲು ಹಣ ಪಡೆಯುವುದು ನಿಷಿದ್ಧ. ಕೊಲ್ಲಿಯ ಕೆಲಸಕ್ಕೆ ಹೋದವರಲ್ಲಿ ಬಹಳ ಮಂದಿಗೆ ಈ ಕೊನೆಯ ಮಾತು ಗೊತ್ತೇ ಇರುವುದಿಲ್ಲ.

ಭಾರತದ ಪದ್ಧತಿ ಹಣದ ಕಡೆಗೆ ಪೂರ್ತಿ ವಾಲಿದ್ದು. ಕಾರ್ಖಾನೆಗಳ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ಕೆಲಸ ಮಾಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ ಇತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ 240ನ್ನು 180ಕ್ಕೆ ಇಳಿಸಿತು. 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಹಳೆಯ ಕಾಯ್ದೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿತ್ತು: ನಿಯಮದಂತೆ 15 ದಿನ ಮೊದಲು ಅರ್ಜಿ ಹಾಕಿ, ಅದು ತಿರಸ್ಕೃತವಾಗಿದ್ದರೆ ಆ ರಜೆಗೆ 30ರ ಮಿತಿ ಅನ್ವಯಿಸದು. ಆದ್ದರಿಂದ ಕೊಡುವುದಿಲ್ಲ ಎಂದು ಗೊತ್ತಿದ್ದರೂ ಅರ್ಜಿ ಹಾಕಿ, ತಿರಸ್ಕರಿಸಿದ್ದನ್ನು ಬರಹದಲ್ಲಿ ಪಡೆಯುವುದು ಲೇಸು. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾದವರ ರಜೆ ಹೋಯಿತೆಂದೇ ಲೆಕ್ಕ. ಸರ್ಕಾರಿ ನೌಕರಿಯಲ್ಲಿ ವರ್ಷಕ್ಕೆ 30 ದಿನ ಗಳಿಕೆ ರಜೆ ಖಾತೆಗೆ ಬೀಳುತ್ತದೆ, ಕೇಂದ್ರ ಸೇವೆಯಲ್ಲಿ 300 ದಿನದವರೆಗೆ ಕೂಡಿಟ್ಟು ನಿವೃತ್ತಿಯಾಗುವಾಗ ನಗದು ಮಾಡಿಕೊಳ್ಳಬಹುದು. ಮೂವತ್ತು ವರ್ಷದ ಸೇವೆಯಲ್ಲಿ ಈ 300 ಕೂಡಿಡುವುದನ್ನೇ ಜಾಣತನವೆಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ಕೊನೆಯ ಸಂಬಳದ ದರದಲ್ಲಿ ಲೆಕ್ಕ ಹಾಕುವುದರಿಂದ ಹಣದ ದೃಷ್ಟಿಯಿಂದ ಅದು ನಿಜವೂ ಹೌದು. ಆದರೆ ಮೂವತ್ತರ ಪ್ರಾಯದಲ್ಲಿ ಬೇಕಾಗಿದ್ದ ಬಿಡುವನ್ನು ಅರವತ್ತರಲ್ಲಿ ಚೆಕ್ಕಾಗಿ ಕೊಡುವ ನಿಯಮವನ್ನು ರಜೆಯ ನಿಯಮ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಉಳಿತಾಯ ಯೋಜನೆ.

ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ ಏನು ಎಂಬುದು ಇನ್ನೊಂದು ಪರೀಕ್ಷೆ. ಜರ್ಮನಿಯ ಕಾಯ್ದೆಯ 9ನೇ ಕಲಮಿನಂತೆ ವೈದ್ಯರ ಪ್ರಮಾಣಪತ್ರ ಇರುವ ದಿನಗಳು ರಜೆಯಲ್ಲಿ ಎಣಿಕೆಯಾಗವು. ಯುರೋಪಿನ ನ್ಯಾಯಾಲಯ 2009 ಮತ್ತು 2012ರಲ್ಲಿ ಇದನ್ನೇ ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸಿತು, ರಜೆಯ ನಡುವೆ ಕಾಯಿಲೆ ಬಂದರೂ ಆ ದಿನಗಳನ್ನು ಮತ್ತೆ ಕೊಡಬೇಕೆಂದಿತು. ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ತಲೆಬಾಗಿದ್ದು ಸೆಪ್ಟೆಂಬರ್ 2025ರಲ್ಲಿ. ಇಲ್ಲಿ ಜನ ತಪ್ಪುವುದು ಎರಡು ಕಡೆ. ಪ್ರಮಾಣಪತ್ರವನ್ನು ಕಾಯಿಲೆಯ ಮೊದಲ ದಿನದಿಂದಲೇ ಮಾಡಿಸಬೇಕು, ಪರದೇಶದಲ್ಲಿದ್ದರೂ ಮಾಲೀಕನಿಗೆ ತಕ್ಷಣ ತಿಳಿಸಬೇಕು. ಮರಳಿ ಬಂದ ಮೇಲೆ ಹೇಳಿದರೆ ಆ ದಿನಗಳು ದಕ್ಕುವುದು ಕಷ್ಟ. ಎರಡನೆಯದಾಗಿ, ಐದು ದಿನ ಮಲಗಿದ್ದೆ ಎಂದು ರಜೆಯನ್ನು ತಾನೇ ಐದು ದಿನ ಮುಂದಕ್ಕೆ ಎಳೆಯುವಂತಿಲ್ಲ. ಮೊದಲು ಗೊತ್ತಾದ ದಿನಕ್ಕೇ ಕೆಲಸಕ್ಕೆ ಬಂದು, ಮರಳಿ ಸಿಕ್ಕ ದಿನಗಳಿಗೆ ಬೇರೆ ಅರ್ಜಿ ಹಾಕಬೇಕು.

ರಜೆಯ ದಿನದ ಸಂಬಳ ಎಷ್ಟೆಂಬುದೂ ನೇರವಾದ ಲೆಕ್ಕವಲ್ಲ. ಮೂಲ ಸಂಬಳ ಕಡಿಮೆ, ಕಮಿಷನ್ ಹೆಚ್ಚು ಇರುವ ಮಾರಾಟದ ಕೆಲಸಗಾರ ರಜೆಗೆ ಹೋದರೆ ಮುಂದಿನ ತಿಂಗಳುಗಳ ಕಮಿಷನ್ ಬೀಳುತ್ತದೆ. ಆ ಭಯಕ್ಕೇ ಅವನು ರಜೆ ಹಾಕುವುದಿಲ್ಲ. ಬ್ರಿಟಿಷ್ ಗ್ಯಾಸ್ ಎಂಬ ಇಂಧನ ಕಂಪನಿಯ ಪ್ರಕರಣದಲ್ಲಿ 2014ರಲ್ಲಿ ಯುರೋಪಿನ ನ್ಯಾಯಾಲಯ ರಜೆಯ ಸಂಬಳದಲ್ಲಿ ಕಮಿಷನ್ನನ್ನೂ ಹಿಡಿಯಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಫ್ರಾನ್ಸಿನಲ್ಲಿ ವರ್ಷದ ಒಟ್ಟು ಗಳಿಕೆಯ ಹತ್ತನೇ ಒಂದು ಭಾಗ, ಅಥವಾ ಕೆಲಸದಲ್ಲಿದ್ದಿದ್ದರೆ ಬರುತ್ತಿದ್ದ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ಬ್ರಿಟನ್ 12.07 ಪ್ರತಿಶತ ಎಂಬ ದರ ಇಟ್ಟಿದೆ. ಅದು ಬಂದ ಬಗೆ ಹೀಗೆ: 52 ವಾರಗಳಲ್ಲಿ 5.6 ವಾರ (ಅದೇ 28 ದಿನ) ರಜೆ ಹೋದರೆ ದುಡಿಯುವುದು 46.4 ವಾರ, 5.6ನ್ನು 46.4ರಿಂದ ಭಾಗಿಸಿದರೆ 12.07 ಪ್ರತಿಶತ. ಅಂದರೆ 100 ಗಂಟೆ ದುಡಿದರೆ 12 ಗಂಟೆ ಚಿಲ್ಲರೆ ರಜೆ. 52ರಿಂದ ಭಾಗಿಸುವವರು ನೌಕರನಿಗೆ ಕಡಿಮೆ ಕೊಟ್ಟಂತಾಗುತ್ತದೆ.

ನಾರ್ವೆಗೆ ಹೊಸದಾಗಿ ಹೋದವರು ಎಡವುವ ಜಾಗ ಬೇರೆ. ಅಲ್ಲಿ ರಜೆಯ ದಿನಗಳಿಗೆ ಮಾಮೂಲಿ ಸಂಬಳವಿಲ್ಲ. ಹಿಂದಿನ ವರ್ಷ ಗಳಿಸಿದ್ದರ 10.2 ಪ್ರತಿಶತ, ಐದು ವಾರ ರಜೆಯ ಒಪ್ಪಂದವಿದ್ದರೆ 12 ಪ್ರತಿಶತ, ರಜೆಯ ಹಣವಾಗಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಮೊದಲ ವರ್ಷ ಸೇರಿದವನಿಗೆ ರಜೆಯ ಹಕ್ಕಿದೆ, ಹಣವಿಲ್ಲ. ಡೆನ್ಮಾರ್ಕಿನಲ್ಲೂ ಹೀಗೇ ಇತ್ತು. ಸೆಪ್ಟೆಂಬರ್ 2020ರಿಂದ ಅವರು ಪದ್ಧತಿ ಬದಲಿಸಿ, ತಿಂಗಳಿಗೆ 2.08 ದಿನದಂತೆ ಗಳಿಸಿದ ರಜೆಯನ್ನು ಮರುತಿಂಗಳಿಂದಲೇ ಬಳಸಲು ಬಿಟ್ಟರು. ಬದಲಾವಣೆಯ ವರ್ಷ ಎರಡು ವರ್ಷದ ರಜೆ ಒಟ್ಟಿಗೆ ಬೀಳುವಂತಾದಾಗ, ಒಂದು ವರ್ಷದ ರಜೆಯ ಹಣವನ್ನು ನಿಧಿಯಲ್ಲಿ ತಡೆದಿಟ್ಟು, ನಿವೃತ್ತಿಗೆ ಕೊಡುವ ಏರ್ಪಾಟು ಮಾಡಿದರು.

ಅಮೆರಿಕದ ವಿಷಯ ಚಿಕ್ಕದಾಗಿ ಹೇಳಬಹುದು. ಕೂಲಿ, ಕೆಲಸದ ಗಂಟೆಗಳನ್ನು ನಿಗದಿ ಮಾಡಿದ 1938ರ ಒಕ್ಕೂಟದ ಕಾಯ್ದೆಯಲ್ಲಿ ಸಂಬಳಸಹಿತ ರಜೆಯ ಮಾತಿಲ್ಲ, ಇಂದಿಗೂ ಬಂದಿಲ್ಲ. ಎಲ್ಲವೂ ಕರಾರಿನ ಮೇಲೆ. ಇತ್ತೀಚೆಗೆ ಮೇನ್, ನೆವಾಡ, ಇಲಿನಾಯ್ ರಾಜ್ಯಗಳು ಯಾವ ಕಾರಣಕ್ಕಾದರೂ ಬಳಸಬಹುದಾದ ಒಂದು ವಾರದಷ್ಟು ರಜೆಯನ್ನು ಕಾನೂನಾಗಿಸಿವೆ. ಇಲಿನಾಯ್‌ನಲ್ಲಿ 40 ಗಂಟೆ ದುಡಿದರೆ ಒಂದು ಗಂಟೆ, ವರ್ಷಕ್ಕೆ 40 ಗಂಟೆಯವರೆಗೆ. ಕ್ಯಾಲಿಫೋರ್ನಿಯಾ ರಜೆ ಕೊಡಲೇಬೇಕೆಂದು ಹೇಳುವುದಿಲ್ಲ, ಆದರೆ ಒಮ್ಮೆ ಕೊಟ್ಟರೆ ಅದು ದುಡಿದ ಕೂಲಿಯೇ, ಕಾಲ ಮುಗಿಯಿತೆಂದು ಕಸಿದುಕೊಳ್ಳುವಂತಿಲ್ಲ ಎನ್ನುತ್ತದೆ. ಕೆಲಸದಿಂದ ತೆಗೆದ ದಿನವೇ ಅದರ ಹಣ ಕೊಡಬೇಕು. ಈ ಹಿನ್ನೆಲೆಯಲ್ಲಿ 'ಮಿತಿಯಿಲ್ಲದ ರಜೆ' ಎಂಬ ಆಮಿಷವನ್ನು ನೋಡಬೇಕು. ಖಾತೆಯಲ್ಲಿ ದಿನಗಳೇ ಜಮೆಯಾಗದಿದ್ದರೆ ಬಿಟ್ಟುಹೋಗುವಾಗ ಕೊಡಬೇಕಾದ ಹಣವೂ ಇಲ್ಲ, ಕಂಪನಿಯ ಲೆಕ್ಕಪತ್ರದಲ್ಲಿ ಆ ಸಾಲವೂ ಇಲ್ಲ. ಇಷ್ಟು ದಿನ ನಿನ್ನದು ಎಂಬ ಅಂಕಿ ಇಲ್ಲದ ಕಡೆ ನೌಕರ ಪಕ್ಕದವನನ್ನು ನೋಡಿ ರಜೆ ಹಾಕುತ್ತಾನೆ, ಪಕ್ಕದವನು ಮೇಲಧಿಕಾರಿಯನ್ನು ನೋಡುತ್ತಾನೆ. ಇಂಥ ಕೆಲಸ ಒಪ್ಪಿಕೊಳ್ಳುವವರು ಕನಿಷ್ಠ ಇಷ್ಟು ದಿನ ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಆಗದು ಎಂದರೆ ಅಲ್ಲೇ ಉತ್ತರ ಸಿಕ್ಕಿತು.

ನಾನಿಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ ಎಂಬ ಮಾತು ಎಲ್ಲ ದೇಶಗಳಲ್ಲೂ ಕೇಳುತ್ತದೆ. ಅದಕ್ಕೆ ಉತ್ತರ ಬ್ಯಾಂಕುಗಳಲ್ಲಿದೆ. ವಂಚನೆ ಮಾಡುವ ನೌಕರ ತನ್ನ ಕುರ್ಚಿ ಬಿಡುವುದಿಲ್ಲ, ಏಕೆಂದರೆ ಸುಳ್ಳು ಲೆಕ್ಕವನ್ನು ದಿನವೂ ಮುಚ್ಚುತ್ತಿರಬೇಕು. ಅದಕ್ಕೇ ಅಮೆರಿಕದ ಬ್ಯಾಂಕ್ ನಿಯಂತ್ರಕರು ಸೂಕ್ಷ್ಮ ಹುದ್ದೆಯವರು ಸತತ ಎರಡು ವಾರ ಹೊರಗಿರಬೇಕೆಂದು ಸಲಹೆ ಮಾಡುತ್ತಾರೆ. ಭಾರತದ ರಿಸರ್ವ್ ಬ್ಯಾಂಕ್ 2021ರಲ್ಲಿ ಇನ್ನೂ ಮುಂದೆ ಹೋಗಿ, ಖಜಾನೆ, ನಗದು ಪೆಟ್ಟಿಗೆಯಂಥ ಹುದ್ದೆಗಳವರನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ ಕನಿಷ್ಠ 10 ಕೆಲಸದ ದಿನ ಕಡ್ಡಾಯವಾಗಿ ರಜೆಯಲ್ಲಿ ಕಳಿಸಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಆ ದಿನಗಳಲ್ಲಿ ಕೆಲಸಕ್ಕೆ ಸಂಬಂಧಿಸಿದ ಕಡತವಾಗಲಿ ಕಂಪ್ಯೂಟರ್ ಪ್ರವೇಶವಾಗಲಿ ಅವರಿಗಿರದು, ಎಲ್ಲರಿಗೂ ಇರುವ ಕಚೇರಿಯ ಮೇಲ್ ಒಂದನ್ನು ಬಿಟ್ಟು. ತನ್ನ ಹಣದ ರಕ್ಷಣೆಯ ಪ್ರಶ್ನೆ ಬಂದಾಗ, ಅತಿ ಮುಖ್ಯ ಹುದ್ದೆಯವರನ್ನೂ ಹತ್ತು ದಿನ ಬಿಟ್ಟು ನಡೆಯುವುದು ಸಂಸ್ಥೆಗೆ ಸಾಧ್ಯವಾಗುತ್ತದೆ. ನೌಕರನ ಆರೋಗ್ಯದ ಪ್ರಶ್ನೆ ಬಂದಾಗಲೂ ಅದು ಸಾಧ್ಯವಿರಲೇಬೇಕು.

ಹಾಗೆ ಸಾಧ್ಯ ಮಾಡಿಕೊಂಡ ದೇಶಗಳಿವೆ. ಸ್ವೀಡನ್ನಿನಲ್ಲಿ ಜೂನ್‌ನಿಂದ ಆಗಸ್ಟ್ ನಡುವೆ ಸತತ ನಾಲ್ಕು ವಾರ ಪಡೆಯುವುದು ಹಕ್ಕು, ಡೆನ್ಮಾರ್ಕಿನಲ್ಲಿ ಮೇ ಮತ್ತು ಸೆಪ್ಟೆಂಬರ್ ನಡುವೆ ಮೂರು ವಾರ. ಫಿನ್ಲೆಂಡಿನಲ್ಲಿ ರಜೆಯ ಸಂಬಳದ ಮೇಲೆ ಅರ್ಧದಷ್ಟು ಹಣವನ್ನು ಕಾರ್ಮಿಕ ಒಪ್ಪಂದಗಳೇ ಸೇರಿಸಿವೆ. ರಜೆ ಮುಗಿಸಿ ಕೆಲಸಕ್ಕೆ ಮರಳಲಿ ಎಂದು ಶುರುವಾದ ಭತ್ಯೆ ಅದು. ಎಲ್ಲರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೋಗುವುದರಿಂದ ಒಂದು ಗುಣವಿದೆ: ಕೆಲಸ ಕಳಿಸುವವರೂ ರಜೆಯಲ್ಲಿರುವುದರಿಂದ ಮರಳಿ ಬಂದಾಗ ಮೇಜಿನ ಮೇಲೆ ರಾಶಿ ಬಿದ್ದಿರುವುದಿಲ್ಲ. ಒಬ್ಬೊಬ್ಬರೇ ಹೋಗುವ ಕಡೆ ಆ ರಾಶಿಯ ಹೆದರಿಕೆಯೇ ರಜೆಯ ಕೊನೆಯ ಎರಡು ದಿನಗಳನ್ನು ತಿನ್ನುತ್ತದೆ. ಜರ್ಮನಿಯ ಡೈಮ್ಲರ್ ಕಂಪನಿ 2014ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಬೇಕೆಂದವರ ಇಮೇಲ್‌ಗಳು ರಜೆಯ ಅವಧಿಯಲ್ಲಿ ತಾವಾಗಿ ಅಳಿಸಿಹೋಗುತ್ತವೆ, ಕಳಿಸಿದವರಿಗೆ ಬದಲಿ ವ್ಯಕ್ತಿಯ ವಿಳಾಸ ಹೋಗುತ್ತದೆ. ಇಂಥ ಸೌಲಭ್ಯ ಇಲ್ಲದ ಕಡೆ ಮಾಡಬಹುದಾದ್ದು ಇಷ್ಟು: ಬದಲಿ ವ್ಯಕ್ತಿಯ ಹೆಸರನ್ನು ಎರಡು ವಾರ ಮೊದಲೇ ಗೊತ್ತು ಮಾಡಿ, ರಜೆಗೆ ಹೋಗುವ ಮುಂಚಿನ ಕೊನೆಯ ಎರಡು ದಿನ ಆ ವ್ಯಕ್ತಿಯೇ ಕೆಲಸ ಮಾಡುವಂತೆ, ಹೋಗುವವರು ಪಕ್ಕದಲ್ಲಿ ಕೂತು ನೋಡುವಂತೆ ಏರ್ಪಾಟು ಮಾಡುವುದು. ಕೊಟ್ಟ ಟಿಪ್ಪಣಿಯಲ್ಲಿ ಬಿಟ್ಟುಹೋದದ್ದೆಲ್ಲ ಆಗ ಹೊರಬೀಳುತ್ತದೆ. ಪಾಸ್‌ವರ್ಡ್, ಸಹಿಯ ಅಧಿಕಾರ, ಗಿರಾಕಿಯ ಫೋನ್ ನಂಬರ್ ಈ ಮೂರರಲ್ಲಿ ಒಂದು ಇಲ್ಲದ್ದಕ್ಕೇ ರಜೆಯಲ್ಲಿರುವವರಿಗೆ ಹೆಚ್ಚಿನ ಕರೆಗಳು ಬರುತ್ತವೆ.

ಕೆಲಸ ಬಿಡುವಾಗ ನೋಡಿಕೊಳ್ಳಬೇಕಾದ ವಿವರಗಳೂ ಇವೆ. ಜರ್ಮನಿಯಲ್ಲಿ ಆರು ತಿಂಗಳ ಸೇವೆ ತುಂಬಿದವರು ಜೂನ್ 30ರ ನಂತರ ಬಿಟ್ಟರೆ ಕಾನೂನಿನ ಕನಿಷ್ಠ ರಜೆಯ ಪೂರ್ತಿ ವರ್ಷದ ಪಾಲು ಸಿಗುತ್ತದೆ, ಅದಕ್ಕೆ ಮೊದಲು ಬಿಟ್ಟರೆ ತಿಂಗಳಿಗೆ ಹನ್ನೆರಡನೇ ಒಂದು ಭಾಗ ಮಾತ್ರ. ಒಂದು ವಾರ ಹಿಂದೆ ಮುಂದೆ ಆದರೆ ಹತ್ತು ದಿನದ ವ್ಯತ್ಯಾಸ. ಹೊಸ ಮಾಲೀಕನಿಗೆ ತೋರಿಸಲು ಎಷ್ಟು ರಜೆ ಬಳಸಿದ್ದಾಗಿದೆ ಎಂಬ ಪತ್ರವನ್ನು ಹಳೆಯವನು ಕೊಡಬೇಕು. ಭಾರತದ ಕಾರ್ಖಾನೆಗಳ ಕಾಯ್ದೆಯಲ್ಲಿ 240 ದಿನ ತುಂಬದೆ ಬಿಟ್ಟವನಿಗೂ ಪ್ರತಿ 20 ದಿನಕ್ಕೊಂದರಂತೆ ರಜೆಯ ಹಣ ಕೊಡಬೇಕೆಂದಿತ್ತು, ಅದೂ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ.

ಈವರೆಗೆ ಹೇಳಿದ್ದೆಲ್ಲ ನೌಕರ ಎಂಬ ಹೆಸರು ದಕ್ಕಿದವರ ಮಾತು. ಆ್ಯಪ್ ಹಿಡಿದು ಊಟ ತಲುಪಿಸುವವರು, ಕಾರು ಓಡಿಸುವವರು, ಕಮಿಷನ್ ಏಜೆಂಟರು ಕಾಗದದ ಮೇಲೆ ಸ್ವತಂತ್ರ ಉದ್ಯೋಗಿಗಳು. ರಜೆ ಹಾಕಿದ ದಿನ ಅವರ ಗಳಿಕೆ ಸೊನ್ನೆ. ಇಂಗ್ಲೆಂಡಿನಲ್ಲಿ ಕಿಟಕಿ ಮಾರುವ ಕಂಪನಿಯೊಂದಕ್ಕೆ ಒಬ್ಬ ಮಾರಾಟಗಾರ 1999ರಿಂದ 2012ರವರೆಗೆ ಹೀಗೇ ಕಮಿಷನ್ ಮೇಲೆ ದುಡಿದ. ಹದಿಮೂರು ವರ್ಷದಲ್ಲಿ ಅವನು ತೆಗೆದುಕೊಂಡ ರಜೆಗೆ ಸಂಬಳ ಇರಲಿಲ್ಲ, ಸಂಬಳವಿಲ್ಲವೆಂದೇ ಪೂರ್ತಿ ರಜೆ ತೆಗೆದುಕೊಳ್ಳಲೂ ಇಲ್ಲ. ಕೆಲಸ ಮುಗಿದ ಮೇಲೆ ಅವನು ದಾವೆ ಹೂಡಿದಾಗ ಅಲ್ಲಿನ ನ್ಯಾಯಮಂಡಳಿ ಅವನನ್ನು ಕೆಲಸಗಾರನೆಂದೇ ಪರಿಗಣಿಸಿತು. ವರ್ಷ ಮುಗಿದ ರಜೆಯನ್ನು ಈಗ ಕೇಳಬಹುದೇ ಎಂಬ ಪ್ರಶ್ನೆ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ನವೆಂಬರ್ 2017ರ ತೀರ್ಪಿನಲ್ಲಿ ಅದು ಹೇಳಿದ್ದು, ಸಂಬಳಸಹಿತ ರಜೆಯನ್ನು ಮಾಲೀಕ ಕೊಡದೇ ಇದ್ದಲ್ಲಿ ಗಡುವು ಎಂಬುದೇ ಇಲ್ಲ. ಕೊಡದ ರಜೆ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಬರುತ್ತದೆ, ಕೆಲಸ ಮುಗಿಯುವ ದಿನ ಅಷ್ಟನ್ನೂ ಲೆಕ್ಕ ಹಾಕಿ ಕೊಡಬೇಕು. ಇವನು ನೌಕರನೆಂದು ತನಗೆ ಗೊತ್ತಿರಲಿಲ್ಲ ಎಂಬ ಮಾಲೀಕನ ಸಬೂಬನ್ನೂ ಅದು ಒಪ್ಪಲಿಲ್ಲ.